ಬಿದ್ದ ಅಕ್ಕಿಕಾಳು

ಹನಮವ್ವ ಕಸ್ತೂರಿಯ ಸೆರಗು ಸರಿಸಿ ಕೊರಳಿಗೆ ಕೈ ಹಾಕಿದಳು. ಮೊದಲು ಎರಡು ಬೆರಳಿನಿಂದ ತಡವಿದಳು, ಆಮೇಲೆ ಇಡೀ ಅಂಗೈಯಿಂದ. ಕುಪ್ಪಸದ ಅಂಚಿನವರೆಗೆ ಹೋದ ಕೈ ಬರಿದೇ ವಾಪಸು ಬಂತು.

"ಎಲ್ಲಿ ತಗದಿಟ್ಟಿ?" ಎಂದಳು.

"ಏನನ್ನ?"

"ತಾಳಿ."

"ತಗದಿಟ್ಟಿಲ್ಲ. ಕಟ್ಟೇ ಇಲ್ಲ," ಎಂದಳು ಕಸ್ತೂರಿ.

ಒಳಕೋಣೆಯಲ್ಲಿ ಕೂತಿದ್ದ ಹೆಂಗಸರ ಅಳು ಗಕ್ಕನೆ ನಿಂತಿತು. ಅರಿಷಿಣದ ನೀರಿನ ತಂಬಿಗೆ ಹಿಡಿದಿದ್ದ ಮುದುಕಿ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಆಚೀಚೆ ನೋಡಿದಳು. ಗಂಡ ಸತ್ತ ಮನೆಯಲ್ಲಿ ಹೆಂಡತಿಯ ತಾಳಿ ತೆಗೆಯುವುದು ಕಣ್ಣೀರಿನ ಕೆಲಸ. ಅದಕ್ಕೆಂದೇ ನಾಲ್ಕು ಮನೆಯ ಹೆಂಗಸರು ಬಂದು ಕೂಡುತ್ತಾರೆ. ತೆಗೆಯಲು ತಾಳಿಯೇ ಇರದಿದ್ದರೆ ಏನು ಮಾಡಬೇಕೆಂದು ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲ.

ಹೊರಗೆ ಪೆಂಡಾಲಿನ ಕೆಳಗೆ ಪ್ರಭುಲಿಂಗನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹಣೆ ತುಂಬ ಬೀರಪ್ಪನ ಭಂಡಾರದ ಅರಿಷಿಣ, ಕೊರಳ ತುಂಬ ಹೂವು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪೆಂಡಾಲಿನವನು ಇವನ ಜೊತೆ ನೂರಾರು ಮದುವೆಗಳಲ್ಲಿ ಕೆಲಸ ಮಾಡಿದವನು. ನಸುಕಿನಲ್ಲಿ ಬಂದು ಅಭ್ಯಾಸದ ಮೇಲೆ ಗುಲಾಬಿ ಬಟ್ಟೆ ಕಟ್ಟಿಬಿಟ್ಟಿದ್ದ. ಆಮೇಲೆ ಕೆಳಗೆ ಕೂತವನ ಮುಖ ಕಂಡು, ಅಳುತ್ತಳುತ್ತಲೇ ಅದನ್ನು ಬಿಚ್ಚಿ ಬಿಳಿಯದನ್ನು ಕಟ್ಟಿದ.

ಕೆರೂರಿನ ವಿಡಿಯೊ ಪ್ರಭುಲಿಂಗ ಎಂದರೆ ಬಾದಾಮಿ, ಹುನಗುಂದ, ಬಾಗಲಕೋಟೆ ಕಡೆ ಗೊತ್ತಿಲ್ಲದವರು ಕಡಿಮೆ. ನಿನ್ನೆ ಹುನಗುಂದದ ಒಂದು ಕಲ್ಯಾಣ ಮಂಟಪದಲ್ಲಿ ಮದುಮಕ್ಕಳ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವುದನ್ನು ಕ್ಯಾಮೆರಾದಲ್ಲಿ ಹಿಡಿದು, ಊಟದ ಸಾಲಿನ ತುದಿಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಎಲೆಯಲ್ಲಿ ಮಾದಲಿ ಬಿತ್ತು. ಜೊತೆಗಾರ ಲಾಡಸಾಬ ಮಾದಲಿಗೆ ಹಾಲು ಹಾಕಿಸಿಕೊಂಡು ಬರುವಷ್ಟರಲ್ಲಿ ಇವನ ತಲೆ ಗೋಡೆಗೆ ಒರಗಿತ್ತು. ತೊಡೆಯ ಮೇಲಿನ ಕ್ಯಾಮೆರಾದ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ದವಾಖಾನೆಯವರು, ಹೃದಯ, ಕೂತಲ್ಲೇ ಹೋಗಿದೆ ಎಂದರು. ಐವತ್ತೆರಡು ವಯಸ್ಸಿಗೆ ಅದೇನು ಹೋಗುವ ಕಾಲವೇ?

ಒಳಗಿನ ಸುದ್ದಿ ಹೊರಗೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹನಮವ್ವ ಹೊಸ್ತಿಲಿಗೆ ಬಂದು ಗಂಡನನ್ನು ಕರೆದು ಕಿವಿಯಲ್ಲಿ ಹೇಳಿದಳು. ಹೇಳಿದ್ದು ಕಿವಿಯಲ್ಲೇ, ಆದರೆ ಕೇಳಿಸಿದ್ದು ಪೆಂಡಾಲಿನ ಆ ತುದಿಯವರೆಗೆ.

ಹನಮವ್ವನ ಗಂಡ ಮಾಳಿಂಗರಾಯ ಸತ್ತವನ ಒಡಹುಟ್ಟಿದ ಅಣ್ಣ. ಇದೇ ಕೆರೂರಿನಲ್ಲಿ, ಬಸ್‌ಸ್ಟ್ಯಾಂಡಿನ ಆಚೆ ಅವನ ಮನೆ. ತಮ್ಮನ ಮನೆಯ ಅಂಗಳ ತುಳಿದದ್ದು ಇವತ್ತೇ ಮೊದಲು. ಸಾವಿನಲ್ಲಿ ಹಗೆ ಇಲ್ಲ ಎಂದು ಬಂದಿದ್ದ. ತಂದೆತಾಯಿಯ ಪಕ್ಕ, ಹೊಲದಲ್ಲೇ ಮಣ್ಣು ಮಾಡುವುದೆಂದು ತಾನೇ ಹೇಳಿ, ತಾನೇ ನಿಂತು ಕುಣಿ ತೋಡಿಸಿಯೂ ಬಂದಿದ್ದ. ಕೆಟ್ಟವನಲ್ಲ. ಆಡಿದ ಮಾತನ್ನು ನುಂಗಲಾರದವನು, ಅಷ್ಟೇ. ಅದಕ್ಕೇ ಅಂಥವರು ಮಾತಾಡುವ ಮುಂಚೆ ಒಂದು ಗುಟುಕು ನೀರು ಕುಡಿಯಬೇಕು. ಮಾಳಿಂಗರಾಯ ಕುಡಿಯಲಿಲ್ಲ.

"ತಾಳಿ ಇಲ್ಲಂದಮ್ಯಾಲೆ ಹೆಂಡ್ತಿ ಅಲ್ಲ," ಎಂದ, ಎಲ್ಲರೂ ಕೇಳುವಂತೆ. "ಮೊದಲ ಹಿಡಿ ಮಣ್ಣ ನಾ ಕೊಡ್ತೇನಿ. ಇಳಕಲ್ಲದಾಕಿ ಮಂದಿ ಕೂಡ ಹಿಂದಿನಿಂದ ಕೊಡ್ಲಿ. ಬ್ಯಾಡ ಅನ್ನೂದಿಲ್ಲ."

ಕೇಳಿದವರಿಗೆ ಇದರ ಅರ್ಥ ತಿಳಿಯಿತು. ಆ ಮನೆತನದ ಪದ್ಧತಿ ಇದು: ಗಂಡನಿಗೆ ಮೊದಲ ಹಿಡಿ ಮಣ್ಣು ಹಾಕುವವಳು ಹೆಂಡತಿ. ಹಾಗೆ ಹಾಕಿದವಳಿಗೆ ಹೊಲದಲ್ಲಿ ಅವನ ಬಲಮಗ್ಗುಲಿನ ಜಾಗ ಮೀಸಲು, ಅವಳ ಕಾಲ ಬಂದಾಗ ಅಲ್ಲೇ ಮಣ್ಣು ಮಾಡುತ್ತಾರೆ. ಮಾಳಿಂಗರಾಯನ ತಾಯಿ ಅಲ್ಲಿರುವುದೂ ಹಾಗೇ, ಅಜ್ಜಿಯೂ ಹಾಗೇ. ಹಿಂದಿನಿಂದ ಮಂದಿಯ ಜೊತೆ ಮಣ್ಣು ಹಾಕಿದವಳಿಗೆ ಮಂದಿಗೆ ಸಿಗುವಷ್ಟೇ ಸಿಗುತ್ತದೆ, ಎಂದರೆ ಕೈ ತೊಳೆಯಲು ನೀರು.

ಒಳಗೆ ಕೂತ ಇಳಕಲ್ಲಿನ ಕಸ್ತೂರಿಗೂ ಕೇಳಿಸಿತು. ಅವಳಿಗೆ ಇಪ್ಪತ್ತಾರು ವರ್ಷಗಳಲ್ಲಿ ಆ ಮನೆಯಿಂದ ಒಂದು ಅರಿಷಿಣ ಕುಂಕುಮ ಬೇಕೆನಿಸಿರಲಿಲ್ಲ. ಇವತ್ತು ಆ ಒಂದು ಹಿಡಿ ಮಣ್ಣು ಬೇಕಾಗಿತ್ತು. ಮಕ್ಕಳಿಲ್ಲ. ಮುಂದೆ ಇವಳು ಯಾರವಳು ಎಂದು ಹೇಳಲು ಆ ಜಾಗ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಪೆಂಡಾಲಿನ ಕಂಬ ಹಿಡಿದು ನಿಂತಿದ್ದ ಲಾಡಸಾಬ ಮುಂದೆ ಬಂದ. ಪ್ರಭುಲಿಂಗ ಕ್ಯಾಮೆರಾ ಹಿಡಿದ ಮೊದಲ ದಿನದಿಂದ ಅವನಿಗೆ ಲೈಟ್ ಹಿಡಿದವನು. ಕಸ್ತೂರಿಯನ್ನು ಮೊದಲ ದಿನದಿಂದ ಅಣ್ಣನ ಹೆಂಡತಿಯಂತೆ, ವೈನಿ ಎಂದೇ ಕರೆದವನು.

"ಮಾಳಿಂಗಣ್ಣ, ಅಕ್ಕಿಕಾಳು ಬಿದ್ದಾವು. ನಾ ನೋಡೇನಿ," ಎಂದ.

"ಅದು ಅಕ್ಕಿಕಾಳಲ್ಲೋ ಲಾಡಸಾಬ, ಲೈಟ್ ನೋಡೂದಿತ್ತು. ಅದೂ ನನಗ ಗೊತ್ತೈತಿ," ಎಂದ ಮಾಳಿಂಗರಾಯ.

* * *

ಅದು ಇಳಕಲ್ಲಿನ ಮದುವೆ. ಕಸ್ತೂರಿಯ ದೊಡ್ಡಪ್ಪನ ಮಗಳದು. ನೇಕಾರರ ಓಣಿ, ಮಗ್ಗಗಳೆಲ್ಲ ಅವತ್ತು ಸುಮ್ಮನಿದ್ದವು. ಪ್ರಭುಲಿಂಗ ಆಗ ಹೊಸಬ. ಹೆಗಲ ಮೇಲೆ ಕುರಿಮರಿಯಷ್ಟು ಭಾರದ ಕ್ಯಾಮೆರಾ, ಒಳಗೆ ದೊಡ್ಡ ಕ್ಯಾಸೆಟ್. ಮುಹೂರ್ತ ಹತ್ತಿರ ಬಂದಿತ್ತು. ಮದುಮಗನಿಗೆ ಒಳಗೆ ಬಾಸಿಂಗ ಕಟ್ಟುತ್ತಿದ್ದರು, ಮದುಮಗಳ ಸೀರೆಯ ನಿರಿಗೆ ಕೂಡುತ್ತಿರಲಿಲ್ಲ. ಮಂದಿ ಅಕ್ಕಿಕಾಳು ಹಿಡಿದು ಕೂತೇ ಇದ್ದರು.

ಬರಿದಾದ ಜೋಡಿ ಮಣೆಯ ಮೇಲೆ ಬೆಳಕು ಸರಿಯಾಗಿ ಬೀಳುತ್ತದೋ ಇಲ್ಲವೋ ನೋಡಬೇಕಿತ್ತು. ಆರತಿ ತಟ್ಟೆ ಹಿಡಿದು ಹೋಗುತ್ತಿದ್ದ ಹುಡುಗಿಯನ್ನು ಪ್ರಭುಲಿಂಗ ಕರೆದ. ಕಂಡ ಹುಡುಗಿಯರಿಗೆಲ್ಲ ತಂಗಿ ಎನ್ನುವವನು ಅವತ್ತು ಯಾಕೋ, "ಇವರ, ಒಂದೀಟ ಇಲ್ಲಿ ಕೂಡ್ರಿ, ಲೈಟ್ ನೋಡೂದೈತಿ," ಎಂದ. ಕಸ್ತೂರಿ ಕೂತಳು. ಮದುಮಗನ ಮಣೆಗೆ ಯಾವ ಗಂಡಸೂ ಬರಲೊಲ್ಲ. ಕರೆದು ಕರೆದು ಸಾಕಾಗಿ, ಕ್ಯಾಮೆರಾವನ್ನು ಲಾಡಸಾಬನ ಕೈಗೆ ಕೊಟ್ಟು ತಾನೇ ಹೋಗಿ ಕೂತ.

ಮುಂದಿನ ಸಾಲಿನಲ್ಲಿ ಕಸ್ತೂರಿಯ ಅಜ್ಜಿ ದಾನಮ್ಮ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಡಿದ ಅಕ್ಕಿಕಾಳು ಬೆವತು ಅಂಗೈಗೆ ಅಂಟಿಕೊಂಡಿದ್ದವು. ಎದುರಿನ ಮಣೆಗಳ ಮೇಲೆ ಇಬ್ಬರು ಕೂತದ್ದೇ ತಡ, ಮುದುಕಿ ಕೈ ಎತ್ತಿ ಒಗೆದೇಬಿಟ್ಟಳು.

ಮದುವೆಯಲ್ಲಿ ಅಯ್ಯನವರ ಮಂತ್ರವನ್ನು ಯಾರೂ ಕೇಳುವುದಿಲ್ಲ. ಮಗ್ಗುಲಿನವರ ಕೈ ನೋಡುತ್ತಾರೆ. ಒಬ್ಬರು ಒಗೆದರೆ ಎಲ್ಲರೂ ಒಗೆಯುತ್ತಾರೆ. ಇಡೀ ಚಪ್ಪರದ ಕೈಗಳು ಒಮ್ಮೆಲೇ ಎದ್ದವು. ಬ್ಯಾಂಡಿನವರು ಹಿಂದೆ ಬಿದ್ದೆವೆಂದು ಗಾಬರಿಯಾಗಿ ಜೋರಾಗಿ ಬಾರಿಸಿದರು. ಕೆರೂರಿನ ಕುರುಬರ ಹುಡುಗನ ಮೇಲೂ ಇಳಕಲ್ಲಿನ ನೇಕಾರರ ಹುಡುಗಿಯ ಮೇಲೂ ಹಳದಿ ಅಕ್ಕಿಕಾಳು ಧೋ ಎಂದು ಸುರಿದವು. ಖರೆ ಮದುಮಗ ಬಾಸಿಂಗ ಕಟ್ಟಿಕೊಂಡು ಹೊರಗೆ ಬಂದು ನೋಡಿದರೆ ಅವನ ಮದುವೆ ಮುಗಿದಿತ್ತು.

ಆಮೇಲೆ ಮತ್ತೆ ಅಕ್ಕಿ ತರಿಸಿ, ಅರಿಷಿಣ ಕಲಸಿ, ನಿಜವಾದ ಜೋಡಿಯ ಮೇಲೆ ಹಾಕಿದ್ದಾಯಿತು. ಊಟದ ಹೊತ್ತಿಗೆ ನಗು ತಡೆಯದೆ ಜನಕ್ಕೆ ಬಿಕ್ಕಳಿಕೆ ಬಂತು. ದಾನಮ್ಮನನ್ನು ಕೇಳಿದರೆ, "ನನಗೇನ ಕಾಣತೈತ್ಯೋ ಯಪ್ಪಾ? ಇಬ್ಬರು ಕುಂತಂಗಿತ್ತು, ಒಗದ್ನಿ," ಎಂದಳು. ಯಾರೋ ಹಿರಿಯರು ಚೇಷ್ಟೆಗೆ, ಬಿದ್ದ ಅಕ್ಕಿಕಾಳು ಆರಿಸಿ ವಾಪಸು ತಗೊಳ್ಳಾಕ ಬರೂದಿಲ್ಲ ನೋಡ್ರಿ, ಎಂದರು. ಕೈ ತೊಳೆಯುವ ಹೊತ್ತಿಗೆ ಎಲ್ಲರೂ ಮರೆತರು.

ಇಬ್ಬರು ಮರೆಯಲಿಲ್ಲ. ಕಸ್ತೂರಿ ಆ ರಾತ್ರಿ ತಲೆ ಬಾಚಿಕೊಳ್ಳದೆ ಮಲಗಿದಳು. ಮುಂಜಾನೆ ಹಾಸಿಗೆಯಲ್ಲಿ ಉದುರಿದ್ದನ್ನು ಕೂಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ತಿಂಗಳು ಕಳೆದು ಪ್ರಭುಲಿಂಗ ಕ್ಯಾಸೆಟ್ ಕೊಡಲು ಬಂದಾಗ ಆ ಗಂಟು ತೋರಿಸಿದಳು. ಬೀಳಬೇಕಾದ್ದು ಬಿದ್ದಿದೆ, ಇನ್ನೇನು ಉಳಿದಿದೆ ಎಂದು ಕೇಳಿದಳು. ಅವನಿಗೂ ಉಳಿದದ್ದೇನೂ ಹೊಳೆಯಲಿಲ್ಲ. ಇಬ್ಬರೂ ಕೆರೂರಿಗೆ ಬಂದು ಬಾಡಿಗೆ ಮನೆ ಹಿಡಿದರು. ಮೊದಲ ದಿನದ ಅನ್ನಕ್ಕೆ ಆ ಗಂಟಿನ ಅಕ್ಕಿಯನ್ನೂ ಹಾಕಿದರು.

ಇಳಕಲ್ಲಿನಲ್ಲಿ ಅವಳ ತಂದೆ ಮಗ್ಗದ ಮೇಲಿದ್ದ ಸೀರೆಯನ್ನು ಅರ್ಧಕ್ಕೇ ಕತ್ತರಿಸಿ ಎದ್ದನಂತೆ. ಕೆರೂರಿನಲ್ಲಿ ಮಾಳಿಂಗರಾಯ ಕತ್ತರಿಸಲಿಲ್ಲ, ಬಾಗಿಲು ಮುಚ್ಚಿದ. ಅವನ ನೋವೂ ಸುಳ್ಳಲ್ಲ. ಹನಮವ್ವನ ತಂಗಿಯನ್ನು ತಮ್ಮನಿಗೆಂದು ಗೊತ್ತು ಮಾಡಿ, ಎಲೆ ಅಡಿಕೆ ಬದಲಾಯಿಸಿ ಬಂದಿದ್ದ. ನಾಲ್ಕು ಮಂದಿಯಲ್ಲಿ ಅವನ ಮಾತು ಮಣ್ಣುಪಾಲಾಯಿತು. ಅವತ್ತಿನಿಂದ ಕಸ್ತೂರಿ ಆ ಮನೆಯಲ್ಲಿ ಇಳಕಲ್ಲದಾಕಿ. ಹನಮವ್ವ ಈ ಓರಗಿತ್ತಿಯನ್ನು ನೆಗೆಣ್ಣಿ ಎಂದು ಒಂದು ದಿನವೂ ಅನ್ನಲಿಲ್ಲ, ಸಂತೆಯಲ್ಲಿ ಎದುರಾದರೆ ಬದನೆಕಾಯಿ ನೋಡುತ್ತ ನಿಂತುಬಿಡುತ್ತಿದ್ದಳು.

* * *

"ಹಂಗಾರ ಆ ಕ್ಯಾಸೆಟ್ ಹಚ್ಚು, ನೋಡೂಣು," ಎಂದ ಮಾಳಿಂಗರಾಯ.

ಲಾಡಸಾಬ ತಲೆ ತಗ್ಗಿಸಿದ. ಹಚ್ಚಲು ಏನೂ ಉಳಿದಿರಲಿಲ್ಲ. ವರ್ಷಕ್ಕೊಮ್ಮೆ ಆ ದಿನ ಬಂದಾಗ ಮೂವರೂ ಕೂತು ಅದನ್ನು ನೋಡುತ್ತಿದ್ದರು. ಕೈಗಳು ಏಳುವ ಜಾಗಕ್ಕೆ ಬಂದಾಗ ಪ್ರಭುಲಿಂಗ ಹಿಂದಕ್ಕೆ ತಿರುಗಿಸಿ ತಿರುಗಿಸಿ ಹಚ್ಚುತ್ತಿದ್ದ. ಹಾಗೆ ಮಾಡಿ ಮಾಡಿ ಟೇಪು ಅಲ್ಲೇ ಸವೆದು, ಕಡೆಗೆ ಬಿಳಿ ಗೆರೆಗಳಷ್ಟೇ ಬರತೊಡಗಿದವು. ಮಂದಿಯ ಮದುವೆಗಳನ್ನೆಲ್ಲ ಸೀಡಿಗೂ ಪೆನ್‌ಡ್ರೈವಿಗೂ ಹಾಕಿಕೊಟ್ಟವನು ತನ್ನದನ್ನು ನಾಳೆ ಹಾಕಿದರಾಯಿತು ಎಂದು ಬಿಟ್ಟಿದ್ದ.

ಆದರೆ ಆ ಟೇಪು ಹೋದರೂ ಅವನ ಕೆಲಸದಲ್ಲಿ ಅದು ಉಳಿದಿತ್ತು. ಅಕ್ಕಿಕಾಳು ಬೀಳುವ ಹೊತ್ತಿಗೆ ಬೇರೆ ವಿಡಿಯೊದವರು ಜೋಡಿಯನ್ನು ಹಿಡಿದರೆ ಪ್ರಭುಲಿಂಗ ಕ್ಯಾಮೆರಾವನ್ನು ಮಂದಿಯ ಕಡೆ ತಿರುಗಿಸುತ್ತಿದ್ದ. ಅವನು ತೆಗೆದ ಮದುವೆಗಳಲ್ಲೆಲ್ಲ ಒಂದೇ ಸಲ ಏಳುವ ಕೈಗಳು ಇದ್ದೇ ಇರುತ್ತವೆ, ಬಳೆಯ ಕೈ, ಬೀಡಿಯ ಕೈ, ತೊಡೆಯ ಮೇಲಿನ ಕೂಸಿನ ಕೈ. ತಾಳಿ ಕಟ್ಟಿದ್ದು ಅರ್ಧವೇ ಬಂದಿದೆ ಎಂದು ಜನ ಜಗಳಕ್ಕೆ ಬರುತ್ತಿದ್ದರು. ಅವನು ಒಂದೇ ಮಾತು ಹೇಳುತ್ತಿದ್ದ: "ತಾಳಿ ಯಾವಾಗ ಬೇಕಾದ್ರೂ ಕಟ್ಟಬಹುದು. ಇಷ್ಟು ಕೈ ಒಮ್ಮಿಗೇ ಏಳೂದು ಮತ್ತ ಸಿಗೂದಿಲ್ಲರಿ." ಬೈದು ಹೋದವರೇ ಹತ್ತು ವರ್ಷದ ಮೇಲೆ ಬರುತ್ತಿದ್ದರು. ಆ ಕೈಗಳ ನಡುವೆ ತೀರಿಕೊಂಡ ಅವ್ವನ ಕೈ ಇದೆಯಂತೆ, ಅದೊಂದಿಷ್ಟು ತೋರಿಸ್ರಿ ಎಂದು ಕಂಪ್ಯೂಟರಿನ ಮುಂದೆ ಕೂಡುತ್ತಿದ್ದರು.

ಆ ಕಂಪ್ಯೂಟರಿನ ಮುಂದೆ ಕೂತು ಎಲ್ಲವನ್ನೂ ಕತ್ತರಿಸಿ ಜೋಡಿಸುವವಳು ಕಸ್ತೂರಿ. ಈಗಿನ ಜೋಡಿಗಳಿಗೆ ಮದುವೆಗೂ ಮುಂಚೆಯೇ ಚಿತ್ರ ಬೇಕು. ಬಾದಾಮಿಯ ಕೆರೆಯ ದಂಡೆಯಲ್ಲಿ ಓಡಬೇಕು, ಐಹೊಳೆಯ ಗುಡಿಯ ಕಂಬದ ಹಿಂದಿನಿಂದ ಇಣುಕಬೇಕು. ಒಮ್ಮೆ ಬಾದಾಮಿಯಲ್ಲಿ ಮಂಗ ಬಂದು ಮದುಮಗಳ ಮುಡಿಯ ಹೂವಿನ ದಂಡೆಯನ್ನೇ ಕಿತ್ತುಕೊಂಡು ಹೋಗಿ ಮೇಲಿನ ಬಂಡೆಯ ಮೇಲೆ ಕೂತು ಮೂಸಿ ನೋಡಿತ್ತು. ಪ್ರಭುಲಿಂಗ ಅದನ್ನೂ ಹಿಡಿದ, ಕಸ್ತೂರಿ ಅದನ್ನೂ ಜೋಡಿಸಿದಳು. ಇವತ್ತು ಪೆಂಡಾಲಿನಲ್ಲಿ ಕೂತ ಎಷ್ಟೋ ಮುಖಗಳನ್ನು ಅವಳು ತಿಂಗಳುಗಟ್ಟಲೆ ನೋಡಿದ್ದಳು. ಯಾರು ತವರು ಬಿಡುವಾಗ ನಿಜವಾಗಿ ಅತ್ತರು, ಯಾರು ಕ್ಯಾಮೆರಾ ನೋಡಿ ಅತ್ತರು, ಎಲ್ಲ ಗೊತ್ತು. ಅವರಿಗೆ ಇವಳು ಗೊತ್ತಿರಲಿಲ್ಲ.

ಆ ಹೊತ್ತಿಗೆ ಓಣಿಯ ಬಾಯಿಗೆ ಇಳಕಲ್ಲಿನ ಕ್ರೂಸರ್ ಗಾಡಿ ಬಂದು ನಿಂತಿತು. ಇಬ್ಬರು ಹೆಣ್ಣುಮಕ್ಕಳ ಹೆಗಲು ಹಿಡಿದು ದಾನಮ್ಮ ಇಳಿದಳು. ತೊಂಬತ್ತು ದಾಟಿದೆ ಎನ್ನುತ್ತಾರೆ, ಅವಳನ್ನು ಕೇಳಿದರೆ ಎಂಬತ್ತಕ್ಕೇ ನಿಲ್ಲಿಸುತ್ತಾಳೆ. ತವರಿನವರೆಲ್ಲ ಕೈಬಿಟ್ಟಾಗಲೂ ಮೊಮ್ಮಗಳ ಮನೆಗೆ ವರ್ಷಕ್ಕೊಮ್ಮೆ ಬಂದು ಹೋದವಳು ಅವಳೊಬ್ಬಳೇ. ಕಂಕುಳಲ್ಲಿ ಇಳಕಲ್ಲಿನ ತೋಪತೆನಿ ಸೆರಗಿನ ಹೊಸ ಸೀರೆಯ ಗಂಟು. ಗಂಡ ಸತ್ತ ಮಗಳಿಗೆ ತವರಿನಿಂದ ಬರಬೇಕಾದ ಸೀರೆ. ಬಾಗಿಲಲ್ಲಿ ಅಡ್ಡ ನಿಂತ ಮಾಳಿಂಗರಾಯನನ್ನು ದೂರದಿಂದಲೇ ನೋಡಿ, ಹತ್ತಿರ ಬಂದು, "ಅಂಗಿ ಗುಂಡಿ ತಪ್ಪಿಸಿ ಹಾಕ್ಕೊಂಡೀಯಲ್ಲೋ ತಮ್ಮಾ. ಮ್ಯಾಲಿಂದ ಎರಡನೇದ್ದು," ಎಂದಳು.

ಮಾಳಿಂಗರಾಯ ಬಗ್ಗಿ ನೋಡಿಕೊಂಡ. ಹೌದು, ತಪ್ಪಿತ್ತು. ಮುಂಜಾನೆ ಸುದ್ದಿ ಕೇಳಿ ಅವಸರದಲ್ಲಿ ಹಾಕಿಕೊಂಡಿದ್ದು. ಬಿಚ್ಚಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಮುದುಕಿ ಒಳಗೆ ಹೋಗಿದ್ದಳು. ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ ಮೇಲೆ ಅವಳು ಬಸ್ಸಿನ ಬೋರ್ಡನ್ನೂ ಬಿಡದೆ ಓದುತ್ತಾಳೆಂದು ಲಾಡಸಾಬ ಹೇಳಿದ.

ಒಳಗೆ ಕಸ್ತೂರಿ ಅಜ್ಜಿಯ ಮಡಿಲಲ್ಲಿ ಮುಖ ಇಟ್ಟು ಅವತ್ತಿನ ಮಟ್ಟಿಗೆ ಮೊದಲ ಸಲ ಅತ್ತಳು. ಗಂಡನಿಗಾಗಿ ಅತ್ತಳು, ಆಮೇಲೆ ಆ ಹಿಡಿ ಮಣ್ಣಿಗಾಗಿಯೂ ಅತ್ತಳು. ದಾನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಎಬ್ಬಿಸಿ ಹೊಸ ಸೀರೆ ಉಡಿಸಿದಳು.

ಕಸ್ತೂರಿ ಹೊಸ ಸೀರೆಯಲ್ಲೇ ಹೊರಗೆ ಬಂದು ಮಾಳಿಂಗರಾಯನ ಎದುರು ನಿಂತಳು. ಇಪ್ಪತ್ತಾರು ವರ್ಷದಲ್ಲಿ ಅವನೊಡನೆ ಅವಳು ಆಡಿದ ಮೊದಲ ಮಾತು ಇದು.

"ಭಾವಾರ, ತಾಳಿ ಯಾಕ ಕಟ್ಟಲಿಲ್ಲ ಅಂತ ನೀವು ಕೇಳಲಿಲ್ಲ. ನಾನ ಹೇಳ್ತೇನಿ. ಪ್ರತಿ ವರ್ಷ ಕೇಳ್ತಿದ್ದೆ, ಇವತ್ತರ ಕಟ್ರಿ ಅಂತ. ಅವರು, ಅಕ್ಕಿಕಾಳು ನಮ್ಮಣ್ಣ ಇಲ್ಲದ ಬಿದ್ದಾವು, ತಾಳಿನೂ ಅಂವ ಇಲ್ಲದ ಕಟ್ಟಿದ್ರ ನಾ ತಮ್ಮ ಹೆಂಗ ಆದೇನು ಅಂತಿದ್ರು. ಅಣ್ಣ ಈ ಮನಿ ಹೊಸ್ತಿಲ ದಾಟಿದ ದಿನ ಕಟ್ತೇನಿ ಅಂತಿದ್ರು. ನೀವು ಇವತ್ತ ಬಂದ್ರಿ."

ಮಾಳಿಂಗರಾಯ ಕುರ್ಚಿಯಲ್ಲಿ ಕೂತ ತಮ್ಮನ ಕಡೆ ನೋಡಿದ, ಚಪ್ಪಲಿ ಬಿಟ್ಟ ತನ್ನ ಕಾಲುಗಳನ್ನು ನೋಡಿಕೊಂಡ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಆದರೆ ಕಣ್ಣು ಒರೆಸಿದ್ದು ಎಲ್ಲರಿಗೂ ಕಂಡಿತು. ಆಡಿದ ಮಾತು ಆಡಿಯಾಗಿತ್ತು. ಸಮಾಜದ ಹಿರಿಯರು ಕೇಳಿದ್ದರು, ನೆಂಟರು ಕೇಳಿದ್ದರು. ಅದನ್ನು ವಾಪಸು ನುಂಗುವ ದಾರಿ ಅವನಿಗೆ ಗೊತ್ತಿರಲಿಲ್ಲ, ಯಾರೂ ಅವನಿಗೆ ಕಲಿಸಿರಲಿಲ್ಲ.

"ಹೊತ್ತಾತು, ಎತ್ತರಿ," ಎಂದಷ್ಟೇ ಹೇಳಿದ.

* * *

ಮದುವೆಯಾಗಿ, ಅಥವಾ ಆಗದೆ, ಒಂದು ವರ್ಷ ಕಳೆದಿರಬೇಕು. ಶಿವಯೋಗ ಮಂದಿರದಲ್ಲಿ ಒಂದು ಮದುವೆ ಮುಗಿಸಿ ಇಬ್ಬರೂ ಮಲಪ್ರಭೆಯ ದಂಡೆಯಲ್ಲಿ ರೊಟ್ಟಿ ಬುತ್ತಿ ಬಿಚ್ಚಿದ್ದರು. ಪ್ರಭುಲಿಂಗ ರೊಟ್ಟಿ ಮುರಿಯುತ್ತ, ಮಾಳಿಂಗಣ್ಣ ಸಣ್ಣಂದಿನಲ್ಲಿ ತನ್ನನ್ನು ಹೆಗಲ ಮೇಲೆ ಹೊತ್ತು ಬೀರಪ್ಪನ ಗುಡಿಗೆ ಒಯ್ಯುತ್ತಿದ್ದುದನ್ನು ಹೇಳುತ್ತಿದ್ದ. ಮೇಲಿಂದ ನೋಡಿದರೆ ಡೊಳ್ಳು ಬಾರಿಸುವವರ ಕೈಗಳೇ ಕಾಣುತ್ತಿದ್ದವಂತೆ. ಅಷ್ಟು ಎತ್ತರದಿಂದ ಆಮೇಲೆ ಎಂದೂ ಜಗತ್ತು ನೋಡಲಿಲ್ಲ ಎಂದ.

ಕಸ್ತೂರಿಗೆ ಸಿಟ್ಟು ಬಂತು. ಅಷ್ಟು ಪ್ರೀತಿ ಇದ್ದರೆ ಹೋಗಿ ಕಾಲು ಹಿಡಿಯಬಾರದೇ ಎಂದಳು.

"ಹಿಡದೇನಿ," ಎಂದ. "ಎರಡು ಸರ್ತಿ ಹಿಡದೇನಿ. ಕಾಲು ಹಿಂದಕ್ಕ ತಗೊಂಡ. ಆದ್ರ ಒದೀಲಿಲ್ಲ ನೋಡು."

ಅದನ್ನು ಅವನು ಒಂದು ಲಾಭದಂತೆ ಹೇಳಿದ್ದ. ಕಸ್ತೂರಿಗೆ ನಗು ಬಂದಿತ್ತು.

* * *

ಹೊಲ ಬಾದಾಮಿ ರಸ್ತೆಯ ಕಡೆಗಿದೆ. ಕೆಂಪು ಮಣ್ಣು, ಅಂಚಿಗೆ ಎರಡು ಬೇವಿನ ಮರ. ಮಂದಿ ಬರುತ್ತಲೇ ಇದ್ದರು. ಗಂಡ ಹೆಂಡತಿ ಜೋಡಿಯಾಗಿ ಬಂದವರೇ ಬಹಳ. ಹುನಗುಂದದಿಂದ ನಿನ್ನೆಯ ಮದುಮಕ್ಕಳೂ ಬಂದಿದ್ದರು. ಹೊಸ ಜೋಡಿ ಮಣ್ಣಿಗೆ ಹೋಗಬಾರದೆಂದು ಮನೆಯವರು ತಡೆದರೂ ಕೇಳದೆ ಬಂದಿದ್ದರು. ಹುಡುಗಿಯ ಅಂಗೈಯ ಮೆಹಂದಿ ಇನ್ನೂ ಕೆಂಪಗಿತ್ತು.

ಪ್ರಭುಲಿಂಗನನ್ನು ಕುಣಿಯೊಳಗೆ, ಅವರ ಪದ್ಧತಿಯಂತೆ, ಕೂರಿಸಿದರು. ಪೂರ್ವಕ್ಕೆ ಮುಖ. ಹಿರಿಯರೊಬ್ಬರು ಹಣೆಗೆ ಮತ್ತಷ್ಟು ಭಂಡಾರ ಹಚ್ಚಿದರು. ಕಸ್ತೂರಿ ಕುಣಿಯ ಅಂಚಿನಲ್ಲಿ, ಅವನ ಬಲಗಡೆಗೆ ಕುಸಿದು ಕೂತಳು. ಎಬ್ಬಿಸಲು ಬಂದ ಹೆಂಗಸರನ್ನು ಲಾಡಸಾಬ ತಡೆದ, ಅಷ್ಟರ ಕೂಡ್ಲಿ ಬಿಡ್ರಿ ಎಂದ.

ಎಲ್ಲರೂ ಬಗ್ಗಿ ಒಂದೊಂದು ಹಿಡಿ ಮಣ್ಣು ತೆಗೆದುಕೊಂಡು ನಿಂತರು. ಕಸ್ತೂರಿಯ ಮುಷ್ಟಿಯಲ್ಲೂ ಮಣ್ಣಿತ್ತು, ಆದರೆ ಕೈ ಮಡಿಲಲ್ಲೇ ಇತ್ತು. ಮೊದಲ ಕೈ ಅಣ್ಣನದು. ಮಾಳಿಂಗರಾಯ ಬಗ್ಗಿ ಮಣ್ಣು ಹಿಡಿದ. ಮೇಲೆ ಎದ್ದ. ತಮ್ಮನ ನೆತ್ತಿ ನೋಡಿದ. ಸಣ್ಣಂದಿನಲ್ಲಿ ಅವನನ್ನೇ ಹೆಗಲ ಮೇಲೆ ಹೊತ್ತಿದ್ದ. ಕೈ ಮುಂದೆ ಬರಲಿಲ್ಲ. ಮಂದಿ ಕಾದರು. ಹಿರಿಯರು ಗಂಟಲು ಸರಿಪಡಿಸಿಕೊಂಡರು. ಅವನು ಅಂಚಿನಲ್ಲಿ ಕೂತವಳನ್ನೊಮ್ಮೆ, ಕೆಳಗೆ ಕೂತವನನ್ನೊಮ್ಮೆ ನೋಡುತ್ತ ನಿಂತೇ ಇದ್ದ.

ಲಾಡಸಾಬನ ಹೆಗಲು ಹಿಡಿದು ನಿಂತಿದ್ದ ದಾನಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಇಬ್ಬರು ಕೂತಿದ್ದರು, ಒಬ್ಬ ಕೆಳಗೆ, ಒಬ್ಬಳು ಮೇಲೆ. ಮುದುಕಿ ಕೈ ಎತ್ತಿ ಒಗೆದೇಬಿಟ್ಟಳು. ಅರ್ಧ ಮಣ್ಣು ಪ್ರಭುಲಿಂಗನ ಹೆಗಲಿಗೆ ಬಿತ್ತು, ಅರ್ಧ ಕಸ್ತೂರಿಯ ತಲೆಗೆ.

ಒಬ್ಬರು ಒಗೆದರೆ ಎಲ್ಲರೂ ಒಗೆಯುತ್ತಾರೆ. ಹೊಲದ ತುಂಬ ಕೈಗಳು ಒಮ್ಮೆಲೇ ಎದ್ದವು, ಬಳೆಯ ಕೈ, ಬೀಡಿಯ ಕೈ, ಮೆಹಂದಿಯ ಕೈ. ಕೆಂಪು ಮಣ್ಣು ಧೋ ಎಂದು ಸುರಿಯಿತು, ಕೆಳಗೆ ಕೂತವನ ಮೇಲೂ, ಅಂಚಿನಲ್ಲಿ ಕೂತವಳ ಮೇಲೂ. ಅದರ ನಡುವೆಯೇ ಕಸ್ತೂರಿಯ ಮುಷ್ಟಿ ಬಿಚ್ಚಿತು. ಮಾಳಿಂಗರಾಯನದೂ ಬಿಚ್ಚಿತು. ಯಾರದು ಮೊದಲು ಬಿತ್ತು, ಯಾರದು ಆಮೇಲೆ ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಹಿಡಿದಿಡಬೇಕಾದವನು ಕೆಳಗೆ ಕೂತಿದ್ದ.

ಹಿರಿಯರಲ್ಲಿ ಗುಸುಗುಸು ಎದ್ದಿತು. ಹೊರಗಿನ ಮುದುಕಿ, ಬೇರೆ ಕುಲದವಳು, ಮೊದಲ ಮಣ್ಣು ಹಾಕಿದಳಲ್ಲ, ಇದು ಹೇಗೆ, ಇದಕ್ಕೇನು ಮಾಡಬೇಕು ಎಂದು ಒಬ್ಬರು ಮಾಳಿಂಗರಾಯನನ್ನು ಕೇಳಿದರು.

ಮಾಳಿಂಗರಾಯ ದಾನಮ್ಮನ ಕಡೆ ನೋಡಿದ. ದಾನಮ್ಮ ಅವನ ಅಂಗಿಯ ಗುಂಡಿಗಳ ಕಡೆ ನೋಡುತ್ತಿದ್ದಳು. ಈಗ ಎಲ್ಲ ಸರಿಯಾಗಿದ್ದವು.

"ಅಜ್ಜಿಗಿ ಕಣ್ಣ ಮಂದ," ಎಂದ ಮಾಳಿಂಗರಾಯ, ಎಲ್ಲರೂ ಕೇಳುವಂತೆ. "ಪಾಪ, ಏನೂ ಕಾಣೂದಿಲ್ಲ. ಇಬ್ಬರು ಕುಂತಂಗ ಕಂಡಿರಬೇಕು, ಒಗದಾಳ. ಬಿದ್ದದ್ದು ಬಿತ್ತು. ಆರಿಸಿ ತಗೊಳ್ಳಾಕ ಬರ್ತೈತೇನು?"

ಲಾಡಸಾಬ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅತ್ತನೋ ನಕ್ಕನೋ, ಎರಡೂ ಇರಬೇಕು.

ಮಾಳಿಂಗರಾಯ ಸಲಿಕೆ ತೆಗೆದುಕೊಂಡ. ತಮ್ಮನ ಬಲಮಗ್ಗುಲಿನ ಜಾಗದ ಮೇಲೆ ನಿಂತಿದ್ದವರನ್ನು, ಅಲ್ಲಿ ತುಳೀಬ್ಯಾಡ್ರಿ, ಈ ಕಡೆ ಬರ್ರಿ, ಎಂದು ಸರಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಕಣ್ಣಿಗೆ ಕಣ್ಣು ಕೊಡದೆ ಹೇಳಿದ.

"ನಿನ್ನ ನೆಗೆಣ್ಣಿ ತಲಿಮ್ಯಾಲ ಮಣ್ಣ ಬಿದ್ದೈತಿ. ಝಾಡಸು."

ಹನಮವ್ವ ಗಂಡನನ್ನು ನೋಡಿದಳು. ಆಮೇಲೆ ಬಂದು ಕಸ್ತೂರಿಯ ರಟ್ಟೆ ಹಿಡಿದು ಎಬ್ಬಿಸಿದಳು. ಮುಂಜಾನೆ ಕೊರಳಲ್ಲಿ ತಡವಿದ ಅದೇ ಕೈ ತಲೆಯ ಹತ್ತಿರ ಬಂತು. ಕಸ್ತೂರಿ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

"ಇರ್ಲಿ ಬಿಡಬೇ ಅಕ್ಕಾ," ಎಂದಳು.

ಮಂದಿ ಚದುರಿದರು. ರಸ್ತೆಯಲ್ಲಿ ನಿಂತ ಕ್ರೂಸರಿನ ಕಡೆ ಹೆಂಗಸರು ನಡೆದರು. ಹನಮವ್ವ ಕಸ್ತೂರಿಯ ರಟ್ಟೆ ಬಿಟ್ಟಿರಲಿಲ್ಲ. ಇನ್ನೊಂದು ಕಡೆ ದಾನಮ್ಮ ಕೋಲು ಊರಿಕೊಂಡು, ತಗ್ಗು ಕಂಡಲ್ಲಿ ಸುತ್ತು ಹಾಕುತ್ತ, ಕಲ್ಲು ಕಂಡಲ್ಲಿ ಕಾಲೆತ್ತುತ್ತ ಬರುತ್ತಿದ್ದಳು. ಕಸ್ತೂರಿ ನಡೆಯುತ್ತಲೇ ಕೇಳಿದಳು.

"ಆಯಿ, ಆವತ್ತೂ ಕಂಡಿತ್ತೇನ?"

"ಮುಂದ ನೋಡ್ಕೊಂಡ ನಡಿ," ಎಂದಳು ದಾನಮ್ಮ. "ಮುಳ್ಳದಾವ."

ಕ್ರೂಸರಿನೊಳಗೆ ಕೂತು ತಲೆ ಬಗ್ಗಿಸಿದಾಗ ಕಸ್ತೂರಿಯ ಕೂದಲಿನಿಂದ ಒಂದಿಷ್ಟು ಕೆಂಪು ಮಣ್ಣು ಮಡಿಲಿಗೆ ಉದುರಿತು. ಅವಳು ಅದನ್ನು ಬೆರಳ ತುದಿಯಿಂದ ಒಂದೂ ಬಿಡದೆ ಕೂಡಿಸಿ, ಹೊಸ ಸೀರೆಯ ಸೆರಗಿನ ತುದಿಗೆ ಇಟ್ಟು ಒಂದು ಗಂಟು ಹಾಕಿದಳು. ಗಾಡಿ ಹೊರಟಿತು. ಒಂದು ಗಂಟು ಸಾಲದೆನಿಸಿ, ಅದರ ಮೇಲೆ ಇನ್ನೆರಡು ಹಾಕಿದಳು.